ಸಿದ್ಧ ಎಂದ ಮೂರು ಮನೆ

ಅಂದು ಬೆಳಿಗ್ಗೆ ಮಂಜು ನೆಲ ಬಿಟ್ಟು ಏಳಲೇ ಇಲ್ಲ. ಬೇರೆ ದಿನಗಳಲ್ಲಿ ಹೊತ್ತು ಸ್ವಲ್ಪ ಮೇಲೇರುವಷ್ಟರಲ್ಲಿ ಉಪ್ಪಿನ ಪಾತಿಗಳ ಮೇಲಿಂದ ಚದುರಿ ಹೋಗುತ್ತಿದ್ದ ಮಂಜು ಅಂದು ಒದ್ದೆ ಕಂಬಳಿಯ ಹಾಗೆ ಊರಿನ ಮೇಲೆ ಬಿದ್ದುಕೊಂಡಿತ್ತು. ಗಾಳಿಯ ಸುಳಿವಿಲ್ಲ. ಅಂಗಳದಲ್ಲಿ ನಿಂತು ಕೈ ಚಾಚಿದರೆ ಬೆರಳು ಕಾಣದು, ತುಟಿ ಸವರಿಕೊಂಡರೆ ಉಪ್ಪು. ನಮ್ಮ ಯಜಮಾನರು ಕೋಲು ಹಿಡಿದು ಹೊಸ್ತಿಲಲ್ಲಿ ನಿಂತು ಆ ಬಿಳುಪನ್ನೇ ನೋಡುತ್ತಿದ್ದರು.

"ಮಂಜು ಹರಿದ ಮೇಲೆ ಹೊರಡಬಾರ್ದಾ?" ಎಂದೆ.

"ಮಂಜು ಹರಿಯೋಗಂಟ ಆ ಕೂಸು ಕಾಯ್ತದಾ?" ಎಂದರು. ಒಡ್ಡಿನ ಮೇಲೆ ಕೋಲು ಕುಟ್ಟುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ಅದೂ ಇಲ್ಲ.

ಅವರ ಹೆಸರು ಮರುಳಯ್ಯ. ಆದರೆ ಊರಲ್ಲಿ ಯಾರೂ ಹೆಸರು ಹಿಡಿಯುತ್ತಿರಲಿಲ್ಲ. ಕೇಳೋರು ಎನ್ನುತ್ತಿದ್ದರು. ಅವರಪ್ಪನೂ ಕೇಳೋರು, ಅವರ ಚಿಕ್ಕಪ್ಪನೂ ಒಂದಷ್ಟು ಕಾಲ ಕೇಳೋರು. ಅವರನ್ನು ಕಟ್ಟಿಕೊಂಡ ನಾನು ಕೇಳೋರಮ್ಮ. ನಮ್ಮೂರಲ್ಲಿ ಒಂದು ವಸ್ತು ಒಂದು ಮನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಬೇಕಾದರೆ ಕೇಳೋರು ಮನೆ ಮನೆಗೆ ಎರಡು ಸುತ್ತು ಬರುತ್ತಾರೆ. ಮೊದಲ ಸುತ್ತಿನಲ್ಲಿ ಕೇಳುತ್ತಾರೆ. ಮನೆಯವರು ಸಿದ್ಧ ಎನ್ನಬಹುದು, ಇಲ್ಲ ಎನ್ನಬಹುದು. ಎಲ್ಲ ಮನೆಯೂ ಸಿದ್ಧ ಎಂದು, ತಮಗೂ ಅಡ್ಡಿ ಕಾಣದಿದ್ದರೆ ಎರಡನೆಯ ಸುತ್ತಿನಲ್ಲಿ ಪ್ರತಿ ಬಾಗಿಲಲ್ಲೂ ನಿಂತು ಆಯ್ತು ಎನ್ನುತ್ತಾರೆ. ಒಂದೇ ಒಂದು ಮನೆ ಇಲ್ಲ ಎಂದಿದ್ದರೂ ಎಲ್ಲ ಬಾಗಿಲಲ್ಲೂ ಇಲ್ಲ ಎನ್ನುತ್ತಾರೆ. ಯಾವ ಮನೆ ಒಲ್ಲೆ ಎಂದಿತು ಎಂಬುದನ್ನು ನನಗೂ ಹೇಳುತ್ತಿರಲಿಲ್ಲ.

ಎರಡು ಸುತ್ತುಗಳ ನಡುವೆ ಸಿದ್ಧ ಎಂದದ್ದು ನಿಂತುಬಿಡುತ್ತದೆ. ಸಿದ್ಧ ಎಂದ ಬಾಗಿಲು ತೆರೆಯುವುದಿಲ್ಲ. ಸಿದ್ಧ ಎಂದ ಪಾತಿಯಲ್ಲಿ ಎಷ್ಟು ಬಿಸಿಲು ಬಿದ್ದರೂ ನೀರು ನೀರಾಗಿಯೇ ಇರುತ್ತದೆ, ಉಪ್ಪು ಕಟ್ಟುವುದಿಲ್ಲ. ಸಿದ್ಧ ಎಂದ ಹಸು ತನ್ನ ಕರುವಿಗೂ ಹಾಲು ಸೊರೆ ಬಿಡುವುದಿಲ್ಲ. ಅದು ಕೊಡುವವನದ್ದೂ ಅಲ್ಲ, ಪಡೆಯುವವನದ್ದೂ ಅಲ್ಲ. ಒಮ್ಮೆ ಸಿದ್ಧ ಎಂದವರು ಆ ಮಾತನ್ನು ಹಿಂದಕ್ಕೆ ಪಡೆಯುವಂತೆಯೂ ಇಲ್ಲ. ಹೆಂಗಸರು ಇದಕ್ಕೆ ಒಗ್ಗಿಹೋಗಿದ್ದರು. ಕೇಳೋರು ಬರುತ್ತಾರೆಂದು ಗೊತ್ತಾದರೆ ಕೊಡ ತುಂಬಿಸಿಟ್ಟುಕೊಳ್ಳುತ್ತಿದ್ದರು, ಹಾಲು ಕರೆದಿಟ್ಟುಕೊಳ್ಳುತ್ತಿದ್ದರು, ಪೆಟ್ಟಿಗೆಯಲ್ಲಿದ್ದ ಸೀರೆ ತೆಗೆದು ಹಗ್ಗದ ಮೇಲೆ ಹಾಕಿಕೊಳ್ಳುತ್ತಿದ್ದರು. ಮಧ್ಯಾಹ್ನದ ಊಟದೊಳಗೆ ಎರಡನೆಯ ಸುತ್ತು ಮುಗಿಯುತ್ತಿತ್ತು. ಅರ್ಧ ದಿನದ ತೊಡಕು, ಅಷ್ಟೆ. ನಮ್ಮ ಯಜಮಾನರು ಸುತ್ತಿಗೆ ಹೋದಾಗ ಯಾರ ಮನೆಯಲ್ಲೂ ನೀರು ಕುಡಿಯಲು ಕೂಡ ಕೂರುತ್ತಿರಲಿಲ್ಲ. "ಜನ ಉಸಿರು ಹಿಡ್ಕಂಡು ಕುಂತಿರ್ತಾರೆ ಕಣೆ" ಎನ್ನುತ್ತಿದ್ದರು.

ಆ ಸಲದ ಸುತ್ತು ಪುಟ್ಟೀರವ್ವನ ಮೊಮ್ಮಗಳಿಗಾಗಿ. ಪುಟ್ಟೀರವ್ವ ನಮ್ಮ ನಡುಕೇರಿಯವಳು. ಅವಳ ಮಗಳು ಹೆತ್ತು ಕಣ್ಣು ಮುಚ್ಚಿದ್ದಳು, ಅಳಿಯ ಉಪ್ಪಿನ ಗಾಡಿಗಳ ಜೊತೆ ಹೋದವನು ತಿರುಗಿ ಬಂದಿರಲಿಲ್ಲ. ಆ ಬೇಸಿಗೆಯಲ್ಲಿ ಬಾಯಿಬೇನೆ ಬಂದು ಊರಿನ ದನವೆಲ್ಲ ಸತ್ತು, ಕರೆಯುವ ಹಸು ಉಳಿದದ್ದು ತಗ್ಗಿನಕೇರಿಯ ದುಗ್ಗಯ್ಯನ ಮನೆಯಲ್ಲಿ ಮಾತ್ರ. ಅವನು ಕೂಸಿಗೆಂದು ದಿನಾ ಒಂದು ಲೋಟ ಹಾಲು ಕಳಿಸುತ್ತಿದ್ದ. ಆದರೆ ತಗ್ಗಿನಕೇರಿಯದು ಸವಳು ನೀರು. ಅದನ್ನು ಕುಡಿದು ಕುಡಿದು ಹಸುವಿನ ಹಾಲು ಬತ್ತುತ್ತ ಬಂದಿತ್ತು. ಸಿಹಿನೀರಿನ ಬಾವಿ ಇದ್ದದ್ದು ಮೇಲ್ಕೇರಿಯಲ್ಲಿ, ಅದೂ ಸರದಿಯಿದ್ದ ಕೆಲವೇ ಮನೆಗಳಿಗೆ. ಆ ನೀರನ್ನು ಬೇರೆಯವರು ಬೇಡಿ ತರುವಂತಿರಲಿಲ್ಲ. ಅದಕ್ಕೇ ಈ ಏರ್ಪಾಡು: ಮೇಲ್ಕೇರಿಯ ಕರಿಬಸಪ್ಪ ತನ್ನ ಬಾವಿ ಸರದಿಯನ್ನು ದುಗ್ಗಯ್ಯನಿಗೆ ಕೊಡುವುದು, ದುಗ್ಗಯ್ಯ ಹಸುವನ್ನು ಪುಟ್ಟೀರವ್ವನಿಗೆ ಬಿಟ್ಟು ನೀರು ಹೊತ್ತು ಹಾಕುವುದು, ಪುಟ್ಟೀರವ್ವ ತನ್ನ ಉಪ್ಪಿನ ಪಾತಿಯನ್ನು ಕರಿಬಸಪ್ಪನಿಗೆ ಬರೆದುಕೊಟ್ಟ ಹಾಗೆ ಬಿಟ್ಟುಕೊಡುವುದು. ಮೂರೂ ಒಟ್ಟಿಗೆ ಆಗಬೇಕು, ಇಲ್ಲವಾದರೆ ಯಾವುದೂ ಆಗಬಾರದು. ಒಂದು ಆಗಿ ಒಂದು ಬಿಟ್ಟರೆ ಯಾರೋ ಒಬ್ಬರು ಬೀದಿಗೆ ಬೀಳುತ್ತಾರೆ.

ಮಧ್ಯಾಹ್ನ ದಾಟಿತು. ಮಂಜು ತುಸು ತೆಳುವಾದಾಗ ಮೇಲ್ಕೇರಿಯ ಒಡ್ಡಿನ ಕಡೆಯಿಂದ ಯಾರೋ ನನ್ನನ್ನು ಕೂಗಿದರು. ಆ ಕೂಗಿನಲ್ಲೇ ನನಗೆ ತಿಳಿಯಿತು. ಓಡಿದೆ.

ಒಡ್ಡಿನಿಂದ ಕಾಲು ಜಾರಿ ಉಪ್ಪುನೀರಿಗೆ ಮುಖವಿಟ್ಟು ಬಿದ್ದಿದ್ದರಂತೆ. ಎದೆ ನಿಂತು ಬಿದ್ದರೋ, ಬಿದ್ದು ಎದೆ ನಿಂತಿತೋ, ಶಿವನಿಗೆ ಗೊತ್ತು. ಹತ್ತಿರದ ಮನೆ ಕರಿಬಸಪ್ಪನದೇ ಆದ್ದರಿಂದ ಅವನ ಜಗಲಿಯ ಮೇಲೆ ಮಲಗಿಸಿದ್ದರು. ಹುಬ್ಬಿನ ಮೇಲೆ ಉಪ್ಪು ಒಣಗಿ ಬೆಳ್ಳಗೆ ಕೂತಿತ್ತು. ನಾನು ಸೆರಗಿನಿಂದ ಒರೆಸಿದೆ, ಮತ್ತೆ ಒರೆಸಿದೆ.

ಊರು ಅಲ್ಲಿ ನೆರೆದಿತ್ತು. ಎಲ್ಲರ ಮನಸ್ಸಿನಲ್ಲೂ ಇದ್ದದ್ದು ಒಂದೇ. ನನ್ನೆದುರು ಬಾಯಿ ಬಿಡಲು ಅಳುಕಿದರು. ಕೂಸನ್ನು ಎದೆಗವಚಿಕೊಂಡು ಬಂದ ಪುಟ್ಟೀರವ್ವ ಅಳುಕಲಿಲ್ಲ. "ತಪ್ಪು ತಿಳ್ಕಬೇಡ ಕಣವ್ವ" ಎಂದು ನನ್ನ ಹೆಗಲು ಮುಟ್ಟಿ, ಕರಿಬಸಪ್ಪನ ಕಡೆ ತಿರುಗಿದಳು. "ಬೆಳಿಗ್ಗೆ ನಾನು ಸಿದ್ಧ ಅಂದೆ. ದುಗ್ಗಯ್ಯ ಸಿದ್ಧ ಅಂದವ್ನೆ. ಕಡೆಗೆ ನಿಮ್ಮನೆಗೇ ಬಂದಿದ್ದು ಕೇಳೋರು. ನೀನೇನಂದೆ ಕರಿಬಸಣ್ಣ?"

ಕರಿಬಸಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಒಳ್ಳೆಯವನೇ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ಹೆಗಲು ಕೊಡುವವನು. ಹೆಣ ನೋಡಿದ, ಕೂಸನ್ನು ನೋಡಿದ, ನೆರೆದವರ ಮುಖಗಳನ್ನು ನೋಡಿದ.

"ಸಿದ್ಧ ಅಂದೆ" ಎಂದ.

"ಅದಕ್ಕವರು?"

"ತಲೆ ಆಡಿಸಿ ಹೊರಟ್ರು. ತಿರುಗಿ ಬರಲಿಲ್ಲ."

ಜನರೊಳಗಿಂದ ಯಾರೋ, "ಮೂರೂ ಮನೆ ಸಿದ್ಧ ಅಂದ್ರೆ ಆಯ್ತು ಅಂತಲೇ ಅಲ್ವೇನ್ರಯ್ಯ?" ಎಂದರು.

"ಯಾರು ಹೇಳಿದ್ರು, ನಿಮ್ಮತ್ತೆನಾ?" ಎಂದು ದುಗ್ಗಯ್ಯ ಸಿಡುಕಿದ. "ಮೂರೂ ಮನೆ ಸಿದ್ಧ ಅಂದಾಗಲೂ ಕೇಳೋರು ಏನೋ ಕಂಡು ಬ್ಯಾಡ ಅಂದಿದ್ದು ಇಲ್ವಾ? ನಮ್ಮ ಹಸ ಬಡಕಲಾಗೈತೆ ಅಂತ ಬೆಳಿಗ್ಗೆ ಅದರ ಪಕ್ಕೆ ಸವರಿ ನೋಡಿದ್ರು. ಆಯ್ತೋ ಇಲ್ವೋ, ಅವರ ಬಾಯಿಂದ ಬರಬೇಕಿತ್ತು." ಆಮೇಲೆ ಹೆಣದ ನೆನಪಾಗಿ ತುಟಿ ಕಚ್ಚಿಕೊಂಡ.

ದುಗ್ಗಯ್ಯ ಹೇಳಿದ್ದು ಸರಿಯೇ. ಒಂದು ಮನೆಯವರು ಮುಂದೆ ಬಂದು ನಾನು ಇಲ್ಲ ಅಂದಿದ್ದೆ ಎಂದಿದ್ದರೆ ಅದು ಅಲ್ಲಿಗೇ ಮುರಿದು ಎಲ್ಲವೂ ಬಿಡುಗಡೆಯಾಗುತ್ತಿತ್ತು. ಯಾರಿಗಾದರೂ ಆಯ್ತು ಎಂಬ ಮಾತು ಮುಟ್ಟಿದ್ದರೆ ಉಳಿದವರೂ ಅದನ್ನೇ ನಂಬಿ ಬದುಕಬಹುದಿತ್ತು. ಎಲ್ಲರೂ ಸಿದ್ಧ ಎಂದು, ಯಾರಿಗೂ ಮಾತು ಮುಟ್ಟದೆ, ಮಾತು ಹೊತ್ತವರೇ ಹೋದರೆ ಏನು ಮಾಡಬೇಕು ಎಂಬುದಕ್ಕೆ ನಮ್ಮಲ್ಲಿ ದಾರಿಯಿರಲಿಲ್ಲ. ಈಗ ಹಾಗಲ್ಲ. ಈಗಿನ ಕೇಳೋರು ಎರಡನೆಯ ಸುತ್ತಿಗೆ ಮೊದಲು ಊರದೇವತೆ ಕಲ್ಲಮ್ಮನ ಗುಡಿಗೆ ಹೋಗಿ, ಆಯ್ತು ಎನ್ನುವುದಿದ್ದರೆ ತಾಯಿಯ ಮುಂದೆ ಒಂದು ಹಿಡಿ ಉಪ್ಪು ಇಟ್ಟೇ ಹೊರಡಬೇಕು. ಏನಾದರೂ ಹೆಚ್ಚುಕಡಿಮೆಯಾಗಿ ಅಲ್ಲಿ ಉಪ್ಪು ಕಾಣದಿದ್ದರೆ ಇಲ್ಲ ಎಂದೇ ಲೆಕ್ಕ. ಆ ಬುದ್ಧಿ ಬಂದದ್ದು ಆ ಕೂಸಿನಿಂದ.

ಮರುದಿನ ಬೆಳಕಾದಾಗ ಪುಟ್ಟೀರವ್ವನ ಪಾತಿಯಲ್ಲಿ ನೀರು ಹಾಗೇ ನಿಂತಿತ್ತು. ಹಸು ಮೂಸಿ ನೋಡಲು ಬಂದ ಕರುವನ್ನು ಒದೆಯಿತು. "ನಮ್ಮ ಹಸ ಈಗ ಗೌಡ್ರ ಮನೆ ಸೊಸೆ ಆಗವ್ಳೆ, ಮುಟ್ಟುದ್ರೆ ಮುಖ ತಿರುಗಿಸ್ತಾಳೆ" ಎಂದು ದುಗ್ಗಯ್ಯ ಮೊದಲ ದಿನ ನಗಾಡಿದನಂತೆ. ಎರಡನೆಯ ದಿನ ನಗಲಿಲ್ಲ. ಕರುವಿಗೆ ಗಂಜಿ ಹೊಯ್ದರೆ ಅದು ಹೇಗೋ ನೆಕ್ಕಿಕೊಂಡಿತು. ಕೂಸಿಗೆ ರಾಗಿ ತಿಳಿ ಕುಡಿಸಿದರೆ ಕಕ್ಕಿತು. ಊರಲ್ಲಿ ಇನ್ನೊಬ್ಬ ಬಾಣಂತಿ ಇದ್ದಳು. ತನ್ನ ಮಗುವಿಗೇ ಸಾಲದ ಎದೆಯನ್ನು ಎರಡು ಹೊತ್ತು ಕೊಟ್ಟಳು, ಆಮೇಲೆ ಅವಳ ಅತ್ತೆ ಬಾಗಿಲು ಹಾಕಿಕೊಂಡಳು. ಅವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಹೊರಗಿನಿಂದ ಒಂದು ಮೇಕೆ ತರೋಣವೆಂದರೆ ಮಂಜು ಇಳಿದ ಕಾಲದಲ್ಲಿ ಊರ ಸುತ್ತಲಿನ ಕೆಸರುಬಯಲು ದಾಟಲು ಹೋದವರು ಅದರಲ್ಲೇ ಉಳಿದಿದ್ದಾರೆ.

ನಮ್ಮ ಯಜಮಾನರನ್ನು ಮಣ್ಣು ಮಾಡಿ ಬಂದರು. ಸೂತಕ ಕಳೆಯುವ ತನಕ ನಾನು ಹೊಸ್ತಿಲು ದಾಟುವಂತಿರಲಿಲ್ಲ. ಒಲೆ ಹಚ್ಚುವಂತಿರಲಿಲ್ಲ. ಸತ್ತವರು ಕಡೆಯದಾಗಿ ಯಾರೊಡನೆ ಮಾತಾಡಿದರೋ ಆ ಮನೆಯವರು ಸಾವಿನ ಮನೆಗೆ ಅನ್ನ ತರಬೇಕು, ಅದು ನಮ್ಮ ಕಡೆಯ ನಡಾವಳಿ. ಹೀಗಾಗಿ ಕರಿಬಸಪ್ಪನ ಹೆಂಡತಿ ಸಣ್ಣಮ್ಮ ದಿನಾ ಮಧ್ಯಾಹ್ನ ಬುಟ್ಟಿಯಲ್ಲಿ ಮುದ್ದೆ, ಸಾರು ಇಟ್ಟುಕೊಂಡು ಬರುತ್ತಿದ್ದಳು. ನಾನು ತುತ್ತು ಬಾಯಿಗಿಡುತ್ತಿದ್ದೆ, ಏನು ತಿಂದೆ ಎಂಬುದು ನನಗೆ ತಿಳಿಯುತ್ತಿರಲಿಲ್ಲ.

ಮೂರನೆಯ ದಿನ ಪುಟ್ಟೀರವ್ವ ಬಂದು ಹೊಸ್ತಿಲಾಚೆ ಕೂತಳು. ಕೂಸು ಅಳುತ್ತಿರಲಿಲ್ಲ. ಅಳುವ ಶಕ್ತಿ ಮುಗಿದಿತ್ತು. ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು.

"ಕೇಳೋರಮ್ಮ, ನೀನೇ ಏನಾರ ಒಂದು ಅಂದ್ಬುಡು" ಎಂದಳು. "ಆಯ್ತು ಅಂದ್ರೂ ಸರಿ, ಇಲ್ಲ ಅಂದ್ರೂ ಸರಿ. ಆಯ್ತು ಅಂದ್ರೆ ಹಸ ನಮ್ಮ ಕೊಟ್ಟಿಗೇಲಿ ಕರೀತದೆ. ಇಲ್ಲ ಅಂದ್ರೆ ದುಗ್ಗಯ್ಯನ ಕೊಟ್ಟಿಗೇಲಿ ಕರೀತದೆ, ಅವನು ಮುಂಚಿನಂಗೆ ಒಂದು ಲೋಟ ಕೊಡ್ತಾನೆ. ಹೆಂಗಾದ್ರೂ ನನ್ನ ಕೂಸು ಕುಡೀತದೆ. ಅವರ ಹೆಂಡ್ತಿ ನೀನು. ನಿನ್ನ ಮಾತು ಅವರ ಮಾತು ಅಲ್ವಾ?"

ನನ್ನ ಬಾಯಿಯೊಳಗೆ ಎರಡೂ ಮಾತು ಇದ್ದವು. ಯಾವುದು ಅವರದು ಎಂಬುದು ಗೊತ್ತಿರಲಿಲ್ಲ. ನಮ್ಮ ಮಾವನವರಿಗೆ ಹಿಂದೊಮ್ಮೆ ಜ್ವರ ಬಂದು ಪ್ರಜ್ಞೆ ತಪ್ಪಿದಾಗ ಅವರ ತಮ್ಮ, ಜನ ಕಾಯುತ್ತಾರಲ್ಲ ಎಂದು ಊಹೆ ಮಾಡಿ ಒಂದು ಮನೆ ಮಾರಾಟಕ್ಕೆ ಆಯ್ತು ಎಂದುಬಿಟ್ಟಿದ್ದರು. ಒಂದು ಕಡೆಯವರು ಮೊದಲೇ ಇಲ್ಲ ಎಂದಿದ್ದರು. ಆ ಮನೆಯ ಬಾಗಿಲು ಅಂದಿನಿಂದ ಕೊಂಡವರಿಗೂ ತೆರೆಯಲಿಲ್ಲ, ಮಾರಿದವರಿಗೂ ತೆರೆಯಲಿಲ್ಲ. ನಾನು ಮದುವೆಯಾಗಿ ಬಂದಾಗಲೂ ಎರಡು ಸಂಸಾರದವರು ಆ ಮನೆಯ ಎರಡು ಕಡೆ ಗುಡಿಸಲು ಹಾಕಿಕೊಂಡು ಕೂತಿದ್ದರು, ಒಳಗಿನ ಖಾಲಿ ತೊಟ್ಟಿಲು ಹಗ್ಗ ಕೊಳೆತು ತೊಲೆಯಿಂದ ಬಿದ್ದ ಸದ್ದು ಹೊರಗಿನಿಂದ ಕೇಳಿಸಿಕೊಂಡರು.

"ತಪ್ಪು ಮಾತು ಆಡಿದ್ರೆ ಹಸ ಯಾವ ಕೊಟ್ಟಿಗೇಲೂ ಕರೆಯಲ್ಲ ಕಣವ್ವ. ಸಾಯೋಗಂಟ ಕರೆಯಲ್ಲ" ಎಂದೆ.

"ಈಗ ಮಾತ್ರ ಕರೀತಾ ಐತಾ?"

ಅವಳು ಎದ್ದು ಹೋದ ಮೇಲೆ ಗೋಡೆಗೆ ತಲೆ ಇಟ್ಟು ಕಲ್ಲಮ್ಮನನ್ನು ಕೇಳಿದೆ. ತಾಯಿ, ನಿನ್ನ ಕಿವಿಗಾದರೂ ಅವರು ಒಂದು ಮಾತು ಹಾಕಿ ಹೋದರಾ, ಹಾಕಿದ್ದರೆ ನನಗೆ ಕೊಡು ಎಂದೆ. ತಾಯಿ ಮಾತಾಡುವವಳಲ್ಲ. ಅವಳು ಸುಮ್ಮನಿರುವುದನ್ನೇ ನಾವು ಬಾಳೆಲ್ಲ ಪೂಜೆ ಮಾಡಿದ್ದೇವೆ. ಆ ದಿನ ಮಾತ್ರ ಅವಳ ಮೌನದ ಮುಂದೆ ಕೈಮುಗಿಯಲು ನನಗೆ ಕಷ್ಟವಾಯಿತು.

ಮಾರನೆಯ ಮಧ್ಯಾಹ್ನ ಸಣ್ಣಮ್ಮ ಬಂದಳು. ಎಂದಿನಂತೆ ತಲೆ ಎತ್ತದೆ ಬಡಿಸಿದಳು. ತೊಗರಿಬೇಳೆ ಸಾರು. ಮುದ್ದೆ ಮುರಿದು ಅದ್ದಿ ಬಾಯಿಗಿಟ್ಟೆ. ಯಾಕೋ ಅಂದು ನಾಲಗೆ ಎಚ್ಚರವಾಯಿತು.

ಬೇಳೆ ಕರಗಿ ನೀರಾಗಿತ್ತು.

ಸವಳು ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಹೊತ್ತುಗಟ್ಟಲೆ ಉರಿ ಹಾಕಿದರೂ ಹಲ್ಲಿಗೆ ಮರಳಿನ ಹಾಗೆ ಸಿಗುತ್ತದೆ. ನಮ್ಮ ಕೇರಿಯಲ್ಲಿ ಹುಟ್ಟಿದ ಮಕ್ಕಳಿಗೆ ಬೇಳೆ ಎಂದರೆ ಅಗಿಯುವ ವಸ್ತು. ಸಿಹಿನೀರಿನಲ್ಲಿ ಬೆಂದ ಸಾರು ನಾವು ಉಣ್ಣುವುದು ಮೇಲ್ಕೇರಿಯ ಮದುವೆಗಳಲ್ಲಿ ಮಾತ್ರ. ಕರಿಬಸಪ್ಪ ಸಿದ್ಧ ಎಂದಿದ್ದರೆ ಅವನ ಸರದಿ ನಿಂತಿರಬೇಕು. ಬಾವಿಗೆ ಇಳಿಬಿಟ್ಟ ಕೊಡ ಒಣಗಿಯೇ ಮೇಲೆ ಬರಬೇಕು, ಮೊದಲೇ ತುಂಬಿಟ್ಟ ಕೊಡ ಇಷ್ಟು ದಿನಕ್ಕೆ ಬರಿದಾಗಿರಬೇಕು. ಆ ಬಾವಿಗೆ ಸುತ್ತ ಗೋಡೆ. ಸರದಿಯವರು ಒಳಗೆ ಹೋಗಿ ಅಗುಳಿ ಹಾಕಿಕೊಳ್ಳುತ್ತಾರೆ. ಕೊಡ ತುಂಬಿತೋ ಇಲ್ಲವೋ, ಈ ಮಂಜಿನಲ್ಲಿ ಯಾರು ನೋಡಬೇಕು?

"ಸಣ್ಣಮ್ಮ, ಬೇಳೆ ಯಾವ ನೀರಲ್ಲಿ ಬೇಯಿಸ್ದೆ?" ಎಂದೆ.

"ನಮ್ಮ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಸೌಟು ಕೈಯಲ್ಲೇ ಉಳಿಯಿತು. "ಪಕ್ಕದ ಮನೇರು ಒಂದು ಬಿಂದಿಗೆ..."

"ಸರದಿ ನೀರು ಬೇಡಿ ತರೋ ಹಂಗಿಲ್ಲವಲ್ಲವ್ವ. ತರೋ ಹಂಗಿದ್ದಿದ್ರೆ ದುಗ್ಗಯ್ಯ ಹಸೂಗೆ ಬೇಡಿಕೊಂಡೇ ತರ್ತಿದ್ದ."

ಅವಳು ಕುಸಿದು ಕೂತಳು. ಆಮೇಲೆ, "ಸಾವಿನ ಮನೆ ಊಟ, ಚೆನ್ನಾಗಿ ಬೇಯಿಸ್ಬೇಕು ಅಂತ ಮಾಡ್ದೆ. ಈ ಯೋಚ್ನೆ ಬರಲೇ ಇಲ್ಲ ನನ್ನ ತಲೇಗೆ" ಎಂದಳು. ಅಳು ಬಂತು. "ಅವತ್ತು ನಮ್ಮನೇರು ಇಲ್ಲ ಅಂದ್ರು ಅಕ್ಕ. ನಾನು ಒಳಗಿದ್ದೆ, ಕೇಳಿಸ್ಕಂಡೆ. ಕೇಳೋರು ಏನೂ ಬೇಜಾರು ಮಾಡ್ಕಳ್ಳಲಿಲ್ಲ. ಆಗ್ಲಪ್ಪ, ಬೇರೆ ದಾರಿ ನೋಡೋಣ ಅಂತಂದು ಹೋದ್ರು. ಹೆಣ ಜಗಲಿ ಮೇಲೆ ಮಲಗಿತ್ತು, ಕೂಸು ಎದುರಿಗಿತ್ತು, ಊರೆಲ್ಲ ನೋಡ್ತಿತ್ತು. ಇಲ್ಲ ಅಂದೆ ಅಂತ ಹೆಂಗಕ್ಕ ಹೇಳೋದು? ಆಮೇಲೆ ದಿನಾ ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತಾರೆ. ನೀನೇ ಹೇಳ್ಬುಡಕ್ಕ ಎಲ್ಲರಿಗೂ."

"ನಾನು ಹೇಳಿದ್ರೆ ನಿಂತಿದ್ದು ಬಿಡಲ್ಲ ಸಣ್ಣಮ್ಮ. ನೀನು ಹೇಳಿದ್ರೂ ಬಿಡಲ್ಲ. ಇಲ್ಲ ಅಂದ ಬಾಯಿಂದಲೇ ಬರಬೇಕು."

ಎದ್ದೆ. ಸೂತಕದ ಹೊಸ್ತಿಲು ದಾಟಿದೆ. ಹಿಂದಿನಿಂದ ಸಣ್ಣಮ್ಮ "ಅಕ್ಕಾ, ಶಾಸ್ತ್ರ" ಎಂದಳು. ಶಿವ ಎಲ್ಲವನ್ನೂ ನೋಡುತ್ತಾನೆ ಎಂದು ನಂಬಿದವಳು ನಾನು, ಇದನ್ನೂ ನೋಡಲಿ ಎಂದುಕೊಂಡೆ.

ಕರಿಬಸಪ್ಪ ಅದೇ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಬಿಳಿ ಸೀರೆಯಲ್ಲಿ ನನ್ನನ್ನು ಕಂಡು ಎದ್ದು ನಿಂತ. ಹಿಂದೆ ಹೆಂಡತಿಯನ್ನು ಕಂಡ.

"ಸಾರು ಚೆನ್ನಾಗಿತ್ತು ಕರಿಬಸಣ್ಣ. ಬೇಳೆ ಕರಗಿಹೋಗಿತ್ತು" ಎಂದೆ.

ಅವನ ಮುಖ ಹಗುರಾಯಿತು. ಹೌದು, ಹಗುರವೇ ಆಯಿತು. ಯಾರಾದರೂ ಬಂದು ಕೇಳಲಿ ಎಂದೇ ಕಾದು ಕೂತಿದ್ದವನ ಹಾಗೆ. "ನಮ್ಮಪ್ಪನ ಕಾಲದ ಸರದಿ ಕಣಕ್ಕ" ಎಂದ. "ಒಂದ್ಸಲ ಕೊಟ್ರೆ ಮತ್ತೆ ಬರ್ತದಾ ಅಂತ ಜೀವ ಹಿಂಜರೀತು. ಬೇರೆ ಏನೂ ಇಲ್ಲ. ಕಾರಣ ಅಂತ ಹೇಳಕೂ ಇಲ್ಲ."

"ಕಾರಣ ಯಾರು ಕೇಳ್ತಾರೆ? ಅವರು ಯಾವತ್ತಾದ್ರೂ ಯಾರಿಗಾದ್ರೂ ಯಾಕೆ ಇಲ್ಲ ಅಂದೆ ಅಂತ ಕೇಳಿದ್ದುಂಟಾ?"

"ಇಲ್ಲ."

"ಎದ್ದು ಬಾ ಹಂಗಾದ್ರೆ."

ಅವರು ಹೋಗಬೇಕಾಗಿದ್ದ ಎರಡನೆಯ ಸುತ್ತಿಗೆ ನಾವು ಹೊರಟೆವು. ಮುಂದೆ ಕರಿಬಸಪ್ಪ, ಹಿಂದೆ ನಾನು. ಒಡ್ಡಿನ ಮೇಲೆ ಅವರು ಬಿದ್ದ ಜಾಗ ಬಂದಾಗ ಅವನು ಚಪ್ಪಲಿ ಬಿಟ್ಟು ನಡೆದ. ಮೊದಲು ತಗ್ಗಿನಕೇರಿಗೆ ಹೋದೆವು. ಹಾಲು ಇದ್ದದ್ದು ಅಲ್ಲಿ.

ದುಗ್ಗಯ್ಯ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಕೆಚ್ಚಲು ಕಲ್ಲಿನ ಹಾಗೆ ಬಿಗಿದು ಹಸು ನರಳುತ್ತಿತ್ತು. ಕರಿಬಸಪ್ಪ ಬಾಗಿಲಲ್ಲಿ ನಿಂತು, ಕೇಳೋರು ನಿಲ್ಲುವ ಹಾಗೆಯೇ ನಿಂತು, "ದುಗ್ಗಯ್ಯ, ಅವತ್ತು ನಾನು ಇಲ್ಲ ಅಂದಿದ್ದೆ" ಎಂದ.

ಮೊದಲು ಹಸುವಿಗೇ ಕೇಳಿಸಿತು. ಹಾಲು ತಾನಾಗಿ ತೊಟ್ಟಿಕ್ಕಿ ಹುಲ್ಲಿನ ಮೇಲೆ ಬೀಳತೊಡಗಿತು. ದುಗ್ಗಯ್ಯ ಅದನ್ನೇ ನೋಡಿದ. ಆಮೇಲೆ ಕರಿಬಸಪ್ಪನನ್ನು ನೋಡಿದ. "ಅಷ್ಟು ಹೇಳಕೆ ನಿಂಗೆ ನಾಲಗೆ ಇರಲಿಲ್ವೇನೋ?" ಎಂದ. ಕೈ ಎತ್ತಿದ್ದ. ಹೊಡೆಯಲು ಪುರುಸೊತ್ತಿರಲಿಲ್ಲ. ತಂಬಿಗೆ ಎಳೆದುಕೊಂಡು ಕರೆದ. ತುಂಬುವ ತನಕ ಕಾಯಲಿಲ್ಲ, ಅರ್ಧ ತಂಬಿಗೆ ಹಿಡಿದು ಓಡಿದ. ಕರು ಹಗ್ಗ ಎಳೆದುಕೊಂಡು ಅರಚುತ್ತಲೇ ಇತ್ತು. ನಾವೂ ಅವನ ಹಿಂದೆ ಹೋದೆವು. ನನ್ನ ವಯಸ್ಸಿಗೆ ಓಡಲಾಗಲಿಲ್ಲ. ಕರಿಬಸಪ್ಪ ಓಡಬಲ್ಲವನು, ಓಡಲಿಲ್ಲ.

ಪುಟ್ಟೀರವ್ವ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ನಾವು ತಲುಪುವಾಗ ದುಗ್ಗಯ್ಯ ಅವಳ ಮುಂದೆ ಏದುಸಿರು ಬಿಡುತ್ತ ನಿಂತಿದ್ದ. ತಂಬಿಗೆ ಇನ್ನೂ ಅವನ ಕೈಯಲ್ಲೇ ಇತ್ತು. ಕೂಸು ಅವಳ ತೊಡೆಯ ಮೇಲಿತ್ತು. ಸೆರಗನ್ನು ಅದರ ಮುಖದ ಮೇಲಕ್ಕೆ ಎಳೆದಿದ್ದಳು. ಅದನ್ನು ತೂಗುತ್ತ ತೊಡೆ ಆಡಿಸುವುದನ್ನು ಅವಳು ಇನ್ನೂ ನಿಲ್ಲಿಸಿರಲಿಲ್ಲ.

ಕರಿಬಸಪ್ಪ ಅಂಗಳದಲ್ಲಿ ನಿಂತು ಹೇಳಬೇಕಾದದ್ದನ್ನು ಹೇಳಿದ. ಅವಳಿಗೂ ಹೇಳಲೇಬೇಕಿತ್ತು, ಪಾತಿ ಬಿಡುಗಡೆಯಾಗಲು. ಅವಳು ಅವನ ಕಡೆ ನೋಡಲಿಲ್ಲ. "ಬೆಳಗಿನ ಜಾವವೇ ಹೋಯ್ತು" ಎಂದಳು ನನಗೆ, ಪಕ್ಕದ ಮನೆಗೆ ಯಾರೋ ಬಂದು ಹೋದ ಸುದ್ದಿ ಹೇಳುವ ಹಾಗೆ. "ಇನ್ನೂ ಹೆಸರು ಇಟ್ಟಿರಲಿಲ್ಲ. ಏನಂತ ಕರೆದು ಅಳೋದು?"

ನಾನು ಅವಳ ಪಕ್ಕದಲ್ಲಿ ಕೂತೆ. ಸಾವಿನ ಮನೆಯವಳು ಸಾವಿನ ಮನೆಯಲ್ಲಿ ಕೂರಲು ಯಾವ ಅಡ್ಡಿಯೂ ಇಲ್ಲ. ದುಗ್ಗಯ್ಯ ಏನು ಮಾಡಬೇಕೆಂದು ತಿಳಿಯದೆ ತಂಬಿಗೆಯನ್ನು ಅವಳ ಮುಂದೆ ಚಾಚಿದ. ಪುಟ್ಟೀರವ್ವ ಎರಡೂ ಕೈಯಿಂದ ಅದನ್ನು ಈಸಿಕೊಂಡಳು. ಒಳಗೆ ನೋಡಿದಳು. ನೊರೆ ಇನ್ನೂ ಇಳಿದಿರಲಿಲ್ಲ. ಹಾಲಿನ ಬಿಸಿ ಅವಳ ಅಂಗೈಗೆ ತಾಗಿರಬೇಕು, ಅಷ್ಟು ಹೊತ್ತು ಹಿಡಿದುಕೊಂಡಿದ್ದಳು.

"ತಗೋ ದುಗ್ಗಯ್ಯ" ಎಂದಳು. "ಇಲ್ಲ ಅಂತ ತಾನೇ ಆಗಿದ್ದು? ಹಂಗಾದ್ರೆ ಹಸ ನಿಂದು. ಇದು ಅದರ ಕರೂದು."

ಅವನು ಕೈ ಚಾಚಲಿಲ್ಲ. ಅವಳೇ ಅವನ ಕೈ ಹಿಡಿದು, ತಂಬಿಗೆಯನ್ನು ಅದರಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. "ಆರೋ ಮುಂಚೆ ಕುಡಿಸ್ಹೋಗಪ್ಪ. ಅದೂ ಹಸ್ಕಂಡೈತೆ."